ಮೂರನೆಯ ಗೆರೆ

ದಾಕ್ಷಾಯಣಿ ಹೋದ ಸುದ್ದಿ ಬಂದ ದಿನ ಸಂಗವ್ವ ಮನೆಯ ಕನ್ನಡಿಗಳನ್ನು ತೆಗೆದು ಟ್ರಂಕಿನಲ್ಲಿಡುತ್ತಿದ್ದಳು. ಅದು ಆ ಮನೆಯ ರೂಢಿ. ಮುಖ ಸುಡಿಸಿಕೊಂಡವರು ಬರುವ ಮುಂಚೆ ಗೋಡೆಯ ಮೇಲೆ ಒಂದು ಕನ್ನಡಿಯೂ ಇರಕೂಡದು. ಸ್ಟೀಲಿನ ತಾಟುಗಳನ್ನು ಸಹ ಬೋರಲು ಹಾಕಿಡಬೇಕು. ಕಿಟಕಿಗಳಿಗೆ ಕರಿಯ ಬಟ್ಟೆ ಎಳೆಯಬೇಕು.

ಮುಖ ಸುಡಿಸಿಕೊಂಡವರು ಎಂಬುದು ಸಂಗವ್ವನ ಮಾತು. ಆಸ್ಪತ್ರೆಯವರು ಲೇಸರ್ ಚಿಕಿತ್ಸೆ ಎನ್ನುತ್ತಿದ್ದರು. ಹುಬ್ಬಳ್ಳಿಯ ಉಣಕಲ್ ಕೆರೆಯ ಹಿಂದಿನ ಬಡಾವಣೆಯಲ್ಲಿ ಚರ್ಮದ ಆಸ್ಪತ್ರೆಯೊಂದಿತ್ತು. ಮೊಡವೆಯ ಗುಳಿ, ಬಂಗು, ಸುಟ್ಟ ಕಲೆ, ಇಂಥವನ್ನೆಲ್ಲ ಅಲ್ಲಿ ಬೆಳಕಿನಿಂದ ಸುಟ್ಟು ತೆಗೆಯುತ್ತಿದ್ದರು. ಸುಟ್ಟ ಮೇಲೆ ಮುಖ ಕಾದ ಹೆಂಚಿನಂತೆ ಕೆಂಪಾಗುತ್ತದೆ, ಬಾಯುತ್ತದೆ, ನೀರು ಒಸರುತ್ತದೆ, ಹಕ್ಕಳೆ ಕಟ್ಟುತ್ತದೆ, ಆಮೇಲೆ ಜೀವ ಹೋಗುವ ಹಾಗೆ ತುರಿಸುತ್ತದೆ. ತುರಿಸಿಕೊಂಡರೆ ಕೆಟ್ಟಿತು, ಬಿಸಿಲಿಗೆ ಹೋದರೆ ಇನ್ನೂ ಕೆಟ್ಟಿತು. ಪರವೂರಿನವರು ಆ ಸ್ಥಿತಿಯಲ್ಲಿ ಬಸ್ಸು ಹತ್ತುವುದೆಂತು? ಹೀಗಾಗಿ ಆಸ್ಪತ್ರೆಯ ಎದುರು ಓಣಿಯಲ್ಲಿದ್ದ ಸಂಗವ್ವ, ಗಂಡ ತೀರಿಕೊಂಡ ಮೇಲೆ, ತನ್ನ ಮನೆಯ ಕೋಣೆಗಳನ್ನು ಅಂಥವರಿಗೆ ಬಾಡಿಗೆಗೆ ಕೊಟ್ಟು ಅಡುಗೆಯನ್ನೂ ಮಾಡಿ ಹಾಕುತ್ತಿದ್ದಳು. ಮಗಳು ದಾಕ್ಷಾಯಣಿ ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು.

ಆ ದಿನ ಕಟ್ಟಿ ಡಾಕ್ಟರು ಬಂದರು. ದಾಕ್ಷಾಯಣಿಯ ಮೇಲಧಿಕಾರಿ. ಎಂದೂ ಹೊರಗೆ ಬೂಟು ಬಿಡದೆ ಒಳಗೆ ಬಂದವರಲ್ಲ. ಅಂದು ಬೂಟುಗಾಲಲ್ಲೇ ಪಡಸಾಲೆಯ ನಡುವೆ ಬಂದು ನಿಂತರು. ಸಂಗವ್ವ ಅವರ ಕಾಲನ್ನೇ ನೋಡಿದಳು.

"ಸಂಗವ್ವಾರ, ಒಂಚೂರು ಕೂಡ್ರಿ."

"ನಿಂತೇನಿ, ಹೇಳ್ರಿ."

"ಗೆಳತಿ ಮದುವಿಗೆ ಹೊಂಟಿದ್ಲಲ್ಲ ದಾಕ್ಷಾಯಣಿ... ಹಿನ್ನೀರು ದಾಟೋ ದೋಣಿ ಮಗುಚೇದ. ಉಳಿದವರನ್ನ ಎಳದು ಹಾಕ್ಯಾರ. ಇಕಿ ಸಿಕ್ಕಿಲ್ಲ."

"ಸಿಕ್ಕಿಲ್ಲ ಅಂದ್ರ?"

ಡಾಕ್ಟರು ಆಗಲೇ ತಮ್ಮ ಬೂಟುಗಳನ್ನು ನೋಡಿಕೊಂಡರು. ಸಂಗವ್ವನ ಕೈಯಲ್ಲಿ ದಾಕ್ಷಾಯಣಿಯ ಕನ್ನಡಿಯೇ ಇತ್ತು. ಅದರೊಳಗೆ ತನ್ನ ಮುಖ ಕಂಡಿತು. ಅದನ್ನು ಒಂದು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು. ಆ ಕನ್ನಡಿ ಮತ್ತೆ ಗೋಡೆಗೆ ಏರಲಿಲ್ಲ.

ಮೀನುಗಾರರು ಬಲೆ ಎಳೆದರು, ಈಜು ಬಲ್ಲವರು ಮುಳುಗಿ ನೋಡಿದರು. ನೀರು ಏನನ್ನೂ ಕೊಡಲಿಲ್ಲ. ದಂಡೆಯ ಮೇಲೆ ಕುಳಿತು ಕುಳಿತು ಸಂಗವ್ವ ಬರಿಗೈಯಲ್ಲಿ ತಿರುಗಿ ಬಂದಳು. ಲಿಂಗಾಯತರಾದ ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚಿ, ಶಿವಪೂಜೆಗೆ ಕೂತಂತೆ ಕೂಡಿಸಿ, ಬಿಲ್ವಪತ್ರೆಯೊಂದಿಗೆ ಮಣ್ಣಿಗೆ ಕೊಡುತ್ತಾರೆ. ಮಠದ ಅಜ್ಜನವರು ಬಂದು ಅವಳೆದುರು ಕುಳಿತರು.

"ಅಜ್ಜಾರ, ಸಮಾಧಿ ಮಾಡೂನ್ರಿ," ಎಂದಳು ಸಂಗವ್ವ.

"ಮಾಡೂನವ್ವ. ಆದ್ರ ಮಣ್ಣಿಗಿ ಕೊಡಾಕ ನಿನ್ನ ಕೈಯಾಗ ಏನ ಐತಿ?"

ಅವಳ ಕೈಯಲ್ಲಿ ಏನೂ ಇರಲಿಲ್ಲ. ಸೀರೆ ರವಿಕೆಗಳಿದ್ದವು, ಆದರೆ ಬಟ್ಟೆಗೆ ಹಣೆಯಿರುವುದಿಲ್ಲ. ಕೊನೆಯ ವಿಭೂತಿಯನ್ನು ಹಚ್ಚುವುದೆಲ್ಲಿ? ಅದೊಂದು ಮಾತು ಮುಳ್ಳಿನಂತೆ ಅವಳಲ್ಲಿ ಉಳಿಯಿತು.

ವಿಭೂತಿಯ ಮಾತು ಬಂದದ್ದರಿಂದ ಇಲ್ಲೊಂದು ಸಂಗತಿ ಹೇಳಬೇಕು. ದಾಕ್ಷಾಯಣಿ ಸಣ್ಣವಳಿದ್ದಾಗ, ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಒತ್ತುವಾಗ, ಶಾವಿಗೆ ಯಂತ್ರದೊಳಗೆ ಬೆರಳಿಟ್ಟಿದ್ದಳು. ಬಲಗೈಯ ಉಂಗುರದ ಬೆರಳಿನ ತುದಿ ಹೋಯಿತು. ವಿಭೂತಿ ಹಚ್ಚುವುದು ಮೂರು ಬೆರಳಿನಿಂದ, ಎಡದಿಂದ ಬಲಕ್ಕೆ ಒಮ್ಮೆಲೇ ಎಳೆದು. ಅವಳ ಮೇಲಿನೆರಡು ಗೆರೆಗಳು ನೆಟ್ಟಗೆ ಬರುತ್ತಿದ್ದವು. ಕೆಳಗಿನ ಮೂರನೆಯದು ಮಾತ್ರ ಎಡಹುಬ್ಬಿನ ತನಕ ಮುಟ್ಟದೆ ಮೊಟಕಾಗುತ್ತಿತ್ತು. "ಬಾರಲೇ ಇಲ್ಲೆ, ಗೆರಿ ಅರ್ಧ ಆಗೇತಿ," ಎಂದು ಸಂಗವ್ವ ದಿನವೂ ತನ್ನ ಬೆರಳಿನಿಂದ ಅದನ್ನು ಪೂರ್ತಿ ಮಾಡುತ್ತಿದ್ದಳು. ಮಗಳು ಕಾಲೇಜಿಗೆಂದು ಹಾಸ್ಟೆಲು ಸೇರಿದ ಮೇಲೆ ಪೂರ್ತಿ ಮಾಡುವವರಿಲ್ಲವಾಯಿತು. ಓದು ಮುಗಿಸಿ ಮನೆಗೆ ಬಂದ ಮೇಲೂ ಅವಳಿಗೆ ನಿಲ್ಲಲು ಪುರುಸೊತ್ತಿಲ್ಲ. ಸೂರ್ಯ ಹುಟ್ಟುವಾಗ ಪೂಜೆ, ಅದು ಮುಗಿದೊಡನೆ ಪ್ರಯೋಗಾಲಯ.

"ನಿಲ್ಲಲೇ, ಗೆರಿ!" ಎಂದು ತಾಯಿ ಹಿಂದಿನಿಂದ ಕೂಗುವಳು.

"ಇರ್ಲಿ ಬಿಡಬೇ. ಶಿವಗ ನನ್ನ ಬೆರಳಿನ ಲೆಕ್ಕ ಗೊತ್ತೈತಿ!" ಎಂದು ಮಗಳು ಗೇಟಿನಾಚೆಯಿಂದ ನಗುವಳು.

ಆ ಪ್ರಯೋಗಾಲಯದಲ್ಲಿ ಅವಳು ಮಾಡುತ್ತಿದ್ದ ಕೆಲಸ ವಿಚಿತ್ರವಾದದ್ದು. ಲೇಸರು ಸುಡುವುದನ್ನಷ್ಟೇ ಬಲ್ಲದು. ಮಾಯುವುದು ಚರ್ಮದ ಇಷ್ಟ. ಮಾಯುವಾಗ ಚರ್ಮ ಒಂದು ಕಡೆ ಕಪ್ಪು ಹೆಚ್ಚು ಮಾಡಿಕೊಳ್ಳುತ್ತದೆ, ಇನ್ನೊಂದು ಕಡೆ ಬಣ್ಣವನ್ನೇ ಮರೆತು ಬಿಳಿಚಿಕೊಳ್ಳುತ್ತದೆ. ಕಲೆ ತೆಗೆಯಲು ಹೋಗಿ ಹೊಸ ಕಲೆ ತಂದುಕೊಂಡವರು ಎಷ್ಟೋ ಮಂದಿ. ಇದಕ್ಕೆ ಕಟ್ಟಿ ಡಾಕ್ಟರು ಒಂದು ಉಪಾಯ ಹುಡುಕಿದ್ದರು. ಮಾಯುವ ಚರ್ಮಕ್ಕೆ ಗುರು ಒಬ್ಬನಿದ್ದರೆ? ಅದಕ್ಕಾಗಿ ಅವರು ಒಂದು ಪೊರೆ ಮಾಡಿದ್ದರು. ಮುಖಕ್ಕೆ ಅಂಟಿ ಕೂಡುವ, ತೆಳ್ಳಗಿನ, ಹಾಲುಬಣ್ಣದ ಪೊರೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ದೀಪಗಳು. ಹಗಲೆಲ್ಲ ಅವು ಹೊಸ ಚರ್ಮದ ಒಂದೊಂದು ಚುಕ್ಕೆಗೂ ಒಂದೊಂದು ಹದದ ಬೆಳಕು ಕೊಟ್ಟು, ಇಲ್ಲಿ ಇಷ್ಟು ಬಣ್ಣ ಮಾಡು, ಅಲ್ಲಿ ಅಷ್ಟು ಮಾಡು ಎಂದು ಹೇಳಿಕೊಡುತ್ತಿದ್ದವು. ಹೇಳಿಕೊಡಲು ಒಂದು ಮಾದರಿ ಬೇಕು. ಚೊಕ್ಕ ಮುಖವೊಂದು ಬೇಕು.

"ಯಾರದೂ ಸಿಗಲಿಲ್ಲಬೇ," ಎಂದು ದಾಕ್ಷಾಯಣಿ ಒಂದು ಸಲ ರೊಟ್ಟಿ ತಿನ್ನುತ್ತ ಹೇಳಿದ್ದಳು. "ಒಬ್ಬರಿಗಿ ಮಚ್ಚಿ, ಒಬ್ಬರಿಗಿ ಬಂಗು. ಕಡೀಕ ನನ್ನ ಮುಖಾನ ಕೊಟ್ಟೇನಿ."

"ದೃಷ್ಟಿ ಆದೀತು, ಹುಷಾರ್."

"ಯಂತ್ರಕ್ಕ ಎಲ್ಲಿ ದೃಷ್ಟಿಬೇ!"

ಮಗಳು ಹೋದ ಮೇಲೂ ಮನೆ ನಡೆಯಬೇಕಾಗಿತ್ತು. ಸುಟ್ಟ ಮುಖಗಳು ಬರುತ್ತಲೇ ಇದ್ದವು. ಆ ಪಾಳಿಯಲ್ಲಿ ಬಂದವಳು ಗದಗಿನ ಜುಬೇದಾ, ಶಾಲೆಯ ಶಿಕ್ಷಕಿ. ಸ್ಟೋವು ಸಿಡಿದು ಅವಳ ಎಡಕೆನ್ನೆ ಸುಟ್ಟು ಕಪ್ಪಾಗಿತ್ತು. ಬಾಯಿ ಬಹಳ, ಮುಖ ಊದಿ ತುಟಿ ಅಲುಗದಿದ್ದಾಗಲೂ ಸುಮ್ಮನಿರುವ ಹೆಣ್ಣಲ್ಲ.

"ಅವ್ವಾ, ಇದೇನು ಊಟಾರೀ? ಹುಬ್ಬಳ್ಳಿಗಿ ಬಂದು ಖಾರ ಇಲ್ಲದ ನುಚ್ಚು ಉಂಡೇನಿ ಅಂದ್ರ ಗದಗಿನ ಮಂದಿ ನಗ್ತಾರ."

"ಉಣ್ಣು ತಂಗಿ. ಖಾರ ತಿಂದ್ರ ಬೆವರು ಬರತೈತಿ, ಬೆವರು ಬಂದ್ರ ಉರಿ ಏಳತೈತಿ."

"ಈ ಉಳ್ಳಾಗಡ್ಡಿ ಸಿಪ್ಪಿ ಯಾವಾಗ ತಗೀತೀರಿ?"

ಆ ಪೊರೆಗೆ ಮನೆಯವರೆಲ್ಲ ಇಟ್ಟ ಹೆಸರು ಅದು. ಆಸ್ಪತ್ರೆಯಿಂದ ಬಂದು ಹಚ್ಚಿಹೋಗುತ್ತಿದ್ದರು. ಸ್ನಾನಕ್ಕೂ ಮುಲಾಮಿಗೂ ಮಾತ್ರ ತೆಗೆಯುವುದು. ಕರಿಯ ಬಟ್ಟೆ ಕಟ್ಟಿದ ಕೋಣೆಗಳಲ್ಲಿ, ಹಾಡುಹಗಲಿನ ಕತ್ತಲಲ್ಲಿ, ಮಂಚದ ಮೇಲೆ ಒರಗಿದ ಮುಖಗಳು ಹಾಲಿನ ಬಣ್ಣದಲ್ಲಿ ಮಂದವಾಗಿ ಬೆಳಗುತ್ತಿದ್ದವು. ಎಲ್ಲವೂ ಒಂದೇ ಮುಖದಂತೆ. ಕ್ಯಾಮರಾ ಇರುವ ಫೋನುಗಳನ್ನು ಬಾಗಿಲಲ್ಲೇ ಇಸಕೊಂಡು ಬಿಡುತ್ತಿದ್ದರು. ಅದರ ಬೆಳಕು ಪೊರೆಗೆ ಆಗುವುದಿಲ್ಲ. ಹೀಗಾಗಿ ಒಬ್ಬೊಬ್ಬರ ಮುಖ ಹೇಗಾಗುತ್ತಿದೆ ಎಂಬುದು ಸಂಗವ್ವನಿಗೆ ಗೊತ್ತೇ ಹೊರತು ಆ ಮುಖ ಹೊತ್ತವರಿಗೆ ಗೊತ್ತಿರಲಿಲ್ಲ. ಹಕ್ಕಳೆಯೆಲ್ಲ ಉದುರಿ ಹೊಸ ಚರ್ಮ ಗಟ್ಟಿಯಾದ ಮೇಲೆ ಸಂಗವ್ವ ದೇವರ ಮುಂದೆ ದೀಪ ಹಚ್ಚಿ, ಸಿಹಿ ಸಜ್ಜಕ ಮಾಡಿ, ಕನ್ನಡಿಯನ್ನು ಅವರ ಕೈಗೆ ಕೊಡುತ್ತಿದ್ದಳು. ಕನ್ನಡಿ ಹಬ್ಬ ಎಂದು ಅದರ ಹೆಸರು.

ಒಂದು ದಿನ ಮುಲಾಮು ಹಚ್ಚುವಾಗ ಜುಬೇದಾಳ ಹಣೆಯ ಹಕ್ಕಳೆ ಅಂಗೈಗೆ ಬಂತು. ಕೆಳಗಿನ ಎಳೆಯ ಚರ್ಮದ ಮೇಲೆ ಬಿಳಿಚಿದ ಗೆರೆಗಳು ಕಂಡವು. ಅಡ್ಡಗೆರೆಗಳು. ಮೇಲೊಂದು, ನಡುವೆ ಒಂದು, ಕೆಳಗೊಂದು. ಮುಲಾಮಿನ ಗುರುತಿರಬೇಕೆಂದು ಸಂಗವ್ವ ಹತ್ತಿಯಿಂದ ಒರೆಸಿದಳು. ಹೋಗಲಿಲ್ಲ. ಬಟ್ಟೆಯನ್ನು ಒಂದಿಷ್ಟು ಸರಿಸಿ ಬೆಳಕು ತಂದು ನೋಡಿದಳು. ಕೆಳಗಿನ ಗೆರೆ ಎಡಹುಬ್ಬಿನ ತನಕ ಹೋಗಿರಲಿಲ್ಲ. ಮೊಟಕಾಗಿ ನಿಂತಿತ್ತು.

ಸಂಗವ್ವನ ಕೈಯಿಂದ ಮುಲಾಮಿನ ಡಬ್ಬಿ ಜಾರಿತು.

"ಏನಾತ್ರೀ ಅವ್ವಾ? ಹುಣ್ಣಾಗೇತೇನು?"

"ಏನಿಲ್ಲವ್ವ. ಚೊಲೊ ಆಗಾಕತ್ತೇತಿ."

ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಮೊದಲು ಹೆದರಿಕೆಯಾಯಿತು. ಅದರ ಬೆನ್ನಿಗೇ ಹೇಳಬಾರದಂಥ ಒಂದು ಸಂತೋಷ ಬಂತು. ನೀರು ಕೊಡದಿದ್ದುದನ್ನು ಯಾರೋ ತಂದು ಹೊಸಿಲಲ್ಲಿ ಇಟ್ಟುಹೋದಂತೆ ಆಯಿತು.

ಉಳಿದ ಕೋಣೆಗಳವರ ಹಣೆಯ ಮೇಲೂ ಅದೇ ಬಂತು. ಬಳ್ಳಾರಿಯಿಂದ ಬಂದ ಬಸ್ ಕಂಡಕ್ಟರನಿಗೆ, ಕಾರವಾರದ ಕ್ರೈಸ್ತರ ಹುಡುಗಿಗೆ, ಎಲ್ಲರಿಗೂ. ಎಲ್ಲರದೂ ಕೆಳಗಿನ ಗೆರೆ ಮೊಟಕು. ಕಟ್ಟಿ ಡಾಕ್ಟರು ಸಂಗವ್ವನನ್ನು ಪ್ರಯೋಗಾಲಯಕ್ಕೆ ಕರೆಸಿದರು. ದಾಕ್ಷಾಯಣಿ ಕೂಡುತ್ತಿದ್ದ ಕುರ್ಚಿ ಹಾಗೇ ಇತ್ತು. ಅದರೆದುರು, ಮರದ ಪೀಠದ ಮೇಲೆ, ಮೊತ್ತಮೊದಲು ಮಾಡಿದ ಪೊರೆ, ಮುಖದ ಆಕಾರದ ಗಾಜಿನ ಅಚ್ಚಿಗೆ ತೊಡಿಸಿ ಇಟ್ಟಿತ್ತು. ಎಲ್ಲ ಪೊರೆಗಳಿಗೂ ಕಲಿಸುವ ತಾಯಿಪೊರೆ ಅದು.

"ದೀಪ ಕೆಟ್ಟಿರಬೇಕಂತ ಎಲ್ಲಾ ಬಿಚ್ಚಿ ನೋಡಿದೆ. ಒಂದೂ ಕೆಟ್ಟಿಲ್ಲ," ಎಂದರು ಡಾಕ್ಟರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಮಂದಿ ಆಗ್ಲೇ ಪವಾಡ ಅಂತ ಮಾತಾಡ್ಲಿಕ್ಕೆ ಹತ್ಯಾರ. ನಿನ್ನೆ ಯಾರೋ ಗೇಟಿಗೆ ತೆಂಗಿನಕಾಯಿ ಒಡದು ಹೋಗ್ಯಾರ. ನಾನೂ ವಿಭೂತಿ ಅಂತನ ಅನ್ಕೊಂಡೆ. ಮಾದರಿ ದಾಕ್ಷಾಯಣಿದು, ಆದ್ರ ಅಳತಿ ತಗೊಳ್ಳೋ ಮುಂಚೆ ಆಕಿ ಹಣಿ ತೊಳಕೊಂಡಿದ್ಲು, ನಾನ ನೋಡೇನಿ. ಫೋಟೋದಾಗ ಹಣಿ ಸ್ವಚ್ಛ ಅದ. ಮ್ಯಾಲ, ಈ ಮೂರನೇದ್ದು ಯಾಕ ಮೊಟಕು? ಹಂಗ ಯಾರು ಹಚ್ಚಿಕೋತಾರ? ನಿಮಗೇನರ ತಿಳೀತದೇನು, ಸಂಗವ್ವಾರ?"

ಪ್ರಯೋಗಾಲಯದಲ್ಲಿ ದಾಕ್ಷಾಯಣಿಯ ಕೈಗೆ ಸದಾ ಕೈಗವಸು. ತುದಿಯಿಲ್ಲದ ಬೆರಳಿನ ಕಡೆಗಾಗಲಿ ಹಣೆಯ ಮೊಟಕು ಗೆರೆಯ ಕಡೆಗಾಗಲಿ ಡಾಕ್ಟರು ಎಂದೂ ಲಕ್ಷ್ಯ ಕೊಟ್ಟವರಲ್ಲ.

"ದೀಪದ್ದ ತಪ್ಪಿದ್ರ ಮಾದರಿ ಇಟಗೋಬಹುದು. ಮಾದರೀದ ತಪ್ಪಿದ್ರ ಅಳಿಸಬೇಕಾಗ್ತದ," ಎಂದು ಡಾಕ್ಟರು ಮುಂದುವರಿಸಿದರು. "ಅಳಿಸಿದ್ರ ಆಕಿ ಮುಖ ಎಲ್ಲೂ ಉಳಿಯೂದಿಲ್ಲ. ನನಗೂ ಮನಸಿಲ್ಲ."

"ನನಗೇನ ತಿಳೀತೈತ್ರಿ ಡಾಕ್ಟ್ರ. ದೀಪದ್ದ ಏನರ ಇರಬೇಕು. ಇನ್ನೊಮ್ಮಿ ನೋಡ್ರಿ," ಎಂದು ಸಂಗವ್ವ ಎದ್ದು ಬಂದಳು. ಶಿವಪೂಜೆ ಬಿಡದ ಬಾಯಲ್ಲಿ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂಬುದು ಅವಳಿಗೇ ಆಶ್ಚರ್ಯ.

ಅಂದಿನಿಂದ ಅವಳ ಬೆಳಗು ಬದಲಾಯಿತು. ಪೂಜೆ ಮುಗಿಸಿ, ಸೆರಗು ಹೊದ್ದು, ಕೋಣೆಯಿಂದ ಕೋಣೆಗೆ ಹೋಗುವಳು. ಆ ಹೊತ್ತಿಗೆ ಎಲ್ಲರ ಪೊರೆಯೂ ಹೊಸ ಸುತ್ತಿನ ಬೆಳಕು ಶುರುಮಾಡುತ್ತಿತ್ತು. ಒಂದು ಬೆಳಿಗ್ಗೆ ನಿಂತು ನೋಡುತ್ತಿದ್ದಾಗ, ನಿದ್ದೆಯಲ್ಲಿದ್ದ ಜುಬೇದಾಳ ಬಲಗೈ ಮೆಲ್ಲಗೆ ಮೇಲೆದ್ದಿತು. ಮೂರು ಬೆರಳು ಕೂಡಿದವು. ಹಣೆಯ ಎಡಕ್ಕೆ ಮುಟ್ಟಿ ಬಲಕ್ಕೆ ಎಳೆದವು. ಕೈ ಮತ್ತೆ ಹೊದಿಕೆಯ ಮೇಲೆ ಬಿತ್ತು. ಸಂಗವ್ವ ಪಕ್ಕದ ಕೋಣೆಗೆ ಓಡಿದಳು. ಕಂಡಕ್ಟರನ ಕೈ ಹಣೆಯಿಂದ ಆಗತಾನೆ ಇಳಿಯುತ್ತಿತ್ತು. ಅದರಾಚೆ ಕಾರವಾರದ ಹುಡುಗಿಯ ಮೂರು ಬೆರಳು ಇನ್ನೂ ಹಣೆಯ ಮೇಲಿದ್ದವು.

"ಪೊರಿ ದೀಪ ಎಡದಿಂದ ಬಲಕ್ಕೆ ಹೊತ್ತಿಕೋತಾವ," ಎಂದು, ಕೈಗಳ ಸುದ್ದಿ ಕೇಳಿ, ಡಾಕ್ಟರು ಫೋನಿನಲ್ಲಿ ವಿವರಿಸಿದರು. "ದಾಕ್ಷಾಯಣಿನ ಬೆಳಿಗ್ಗಿ ಕೆಲಸಕ್ಕ ಬಂದಕೂಡಲೆ ಅಳತಿ ತಗೋತಿದ್ಲು. ಅದಕ್ಕ ಸುತ್ತು ಆ ಹೊತ್ತಿಗೇ ಶುರು ಆಗ್ತದ. ದೀಪ ಹೊತ್ತಿದಲ್ಲಿ ತುರಿಕಿ ಏಳ್ತದ. ತುರಿಕಿ ಹ್ಯಾಂಗ ಸರೀತದೋ ಕೈ ಹಾಂಗ ಸರೀತದ. ಅಷ್ಟ."

ಅಷ್ಟೇ ಇರಬಹುದು. ಆದರೆ ಮುಂದೊಂದು ಬೆಳಿಗ್ಗೆ ಓಣಿಯಲ್ಲೆಲ್ಲ ಕರೆಂಟು ಹೋಗಿ, ಪೊರೆಗಳಿಗೆ ವಿದ್ಯುತ್ತು ಕೊಡುವ ಪೆಟ್ಟಿಗೆಯೂ ಬರಿದಾಗಿತ್ತು. ಮುಖಗಳು ಆರಿ ಕರ್ರಗಾಗಿದ್ದವು. ಅಂದು ಏನೂ ಆಗಲಿಕ್ಕಿಲ್ಲವೆಂದು ಸಂಗವ್ವ ಬಾಗಿಲಲ್ಲಿ ನಿಂತಳು. ಕೋಣೆ ಗವ್ವೆನ್ನುತ್ತಿತ್ತು. ಹೊತ್ತು ಸರಿಯಾಗಿ ಬಂತು. ಕತ್ತಲಲ್ಲಿ ಬಳೆಗಳ ಸಪ್ಪಳವಾಯಿತು. ಜುಬೇದಾಳ ಕೈ ಏಳುತ್ತಿತ್ತು.

ಸಂಗವ್ವ ತಡೆಯಲಾರದೆ ಕರೆದಳು: "ದಾಕ್ಷೀ..."

ಮಂಚದ ಮೇಲಿನ ಮುಖ ಅವಳತ್ತ ತಿರುಗಿತು. ಪಕ್ಕದ ಕೋಣೆಯಲ್ಲಿ ಮಂಚ ಕಿರಗುಟ್ಟಿತು. ಅದರಾಚೆಯ ಕೋಣೆಯಲ್ಲೂ ಯಾರೋ ಹೊರಳಿದರು. ದನಿ ಕೇಳಿದರೆ ಮಲಗಿದವರು ಹೊರಳುವುದು ಸಹಜ. ಸಂಗವ್ವನಿಗೂ ಅದು ಗೊತ್ತು. ಆದರೂ ಹೊಸಿಲು ದಾಟಿ ಒಳಗೆ ಹೋದಳು. ಕಣ್ಣಿಲ್ಲದ ಆ ನುಣುಪು ಮುಖದ ಹಣೆಯ ಮೇಲೆ, ಗೆರೆ ಮೊಟಕಾಗುವ ಜಾಗದಲ್ಲಿ, ತನ್ನ ಬೆರಳನ್ನು ಇಟ್ಟಳು. ಕೆಳಗಿನ ಚರ್ಮ ತಣ್ಣಗಿತ್ತು. ನೀರಿನಷ್ಟು ತಣ್ಣಗೆ.

ಜುಬೇದಾ ಊರಿಗೆ ಹೋಗುವ ಸಮಯ ಬಂತು, ಸಂಗವ್ವ ಬಿಡಲಿಲ್ಲ. "ಇನ್ನೂ ಹಸಿ ಐತಿ ತಂಗಿ, ಇನ್ನ ಸ್ವಲ್ಪ ದಿನ," ಎನ್ನುವಳು. ಕನ್ನಡಿ ಹಬ್ಬವನ್ನು ಮುಂದೆ ಮುಂದೆ ಹಾಕುವಳು. ಗೆರೆಗಳ ವಿಷಯ ಜುಬೇದಾಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು, ಕಂಡಕ್ಟರ ಬಾಯಿಬಿಟ್ಟಿದ್ದ. ಅವಳು ಅದನ್ನೂ ನಗೆಯಾಡಿದಳು.

"ಊರಿಗಿ ಹೋದ್ರ ನಮ್ಮ ಮಾಮಾ ನನಗ ಜುಬೇದವ್ವ ಹಿರೇಮಠ ಅಂತ ಹೆಸರಿಡ್ತಾನ್ರೀ. ಇರ್ಲಿ, ಓಢಣಿ ಮುಂದ ಎಳಕೊಂಡ್ರ ಮುಗೀತು. ಕೆನ್ನಿ ಸುಧಾರಿಸಿದ್ರ ಸಾಕು. ಕನ್ನಡಿ ಕೊಡ್ರಲಾ ಅವ್ವಾ."

ಕೊನೆಗೆ ಕಾರಣಗಳು ಮುಗಿದವು. ಸಂಗವ್ವ ಸಜ್ಜಕ ಮಾಡಿ, ದೀಪ ಹಚ್ಚಿ, ಕನ್ನಡಿ ಕೊಟ್ಟಳು. ಜುಬೇದಾ ಮೊದಲು ಕೆನ್ನೆ ನೋಡಿದಳು. ಸುಟ್ಟ ಕಲೆಯ ಸುಳಿವೂ ಇರಲಿಲ್ಲ, ಕೂಸಿನ ಕೆನ್ನೆಯಂತಿತ್ತು. ಕಣ್ಣರಳಿಸಿದಳು. ಹಣೆಯ ಗೆರೆಗಳನ್ನು ನೋಡಿ ನಕ್ಕಳು. ಆಮೇಲೆ ಕನ್ನಡಿಯನ್ನು ಹತ್ತಿರ ತಂದು, ಬಲಹುಬ್ಬಿನ ಮೇಲೆ ಬೆರಳಾಡಿಸಿದಳು. ಮತ್ತೆ ಆಡಿಸಿದಳು. ನಗು ಆರಿಹೋಯಿತು.

"ಅವ್ವಾ, ಇಲ್ಲೊಂದು ಮಚ್ಚಿ ಇತ್ತು."

"ಯಾವ ಮಚ್ಚಿ?"

"ಸಣ್ಣ ಮಚ್ಚಿರೀ, ಎಳ್ಳಿನಷ್ಟು. ಅದನ್ನ ಯಾರೂ ಸುಡಂತ ಹೇಳಿದ್ದಿಲ್ಲ. ಎಲ್ಲಿ ಹೋತು?"

"ಒಂದು ಮಚ್ಚಿ ಹೋದ್ರ ಹೋಗ್ಲಿ ಬಿಡವ್ವ, ಮುಖ ಚೊಕ್ಕ ಆತು."

ಜುಬೇದಾ ಕನ್ನಡಿಯನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಇಷ್ಟು ದಿನ ಉರಿಗೆ ಅಳದ ಹೆಣ್ಣು ಅದು, ಈಗ ಗಳಗಳನೆ ಅತ್ತಳು.

"ನಮ್ಮ ಅಮ್ಮೀ ಮುತ್ತು ಕೊಡ್ತಿದ್ದ ಜಾಗಾರೀ ಅದು. ಸಾಲಿಗಿ ಹೊಂಟ್ರ ಅಲ್ಲೇ, ನಿದ್ದಿಗಿ ಹೊಂಟ್ರ ಅಲ್ಲೇ. ಸಾಯೂ ಮುಂದ ಕಣ್ಣು ಕಾಣತಿದ್ದಿಲ್ಲ ಅಕಿಗಿ. ಬೆರಳಲೇ ತಡಕಾಡಿ ಆ ಮಚ್ಚಿ ಹುಡುಕಿ, 'ಹಾಂ, ನನ್ನ ಜುಬ್ಬೀನ ಬಂದಾಳ' ಅಂದ್ಲು. ನಾಳೆ ಅಲ್ಲಾಹುವಿನ ಮುಂದ ಸಿಕ್ರ ನನ್ನ ಗುರುತು ಹ್ಯಾಂಗ ಹಿಡೀಬೇಕ್ರೀ ಅಕಿ?"

ಸಂಗವ್ವ ಆ ಜಾಗವನ್ನು ನೋಡಿದಳು. ತನ್ನ ಮಗಳಿಗೆ ಅಲ್ಲಿ ಮಚ್ಚೆ ಇರಲಿಲ್ಲ. ಆದ್ದರಿಂದ ಈ ಹೆಣ್ಣುಮಗಳ ಮಚ್ಚೆ ಹೋಗಿತ್ತು. ದಾಕ್ಷಾಯಣಿ ಬಂದು ಕುಳಿತ ಜಾಗದಿಂದ ಇನ್ನೊಬ್ಬ ಸತ್ತ ತಾಯಿ ಎದ್ದುಹೋಗಿದ್ದಳು. ತಾನು ಕಾಯ್ದುಕೊಂಡದ್ದು ಮಗಳನ್ನಲ್ಲ. ಮಣ್ಣು ಸಿಗದ ಜೀವವೊಂದು ಮನೆ ಮನೆ ಹೊಕ್ಕು ಹಣೆ ಬೇಡುತ್ತಿದೆ; ತಾಯಿಯಾಗಿ ತಾನು ಬಾಗಿಲು ತೆರೆದು ಹಿಡಿದಿದ್ದೇನೆ. ಹಾಗೆಂದು ಅವಳಿಗೆ ಅನ್ನಿಸಿತು.

ಜುಬೇದಾಳ ಕೈ ಹಿಡಿದುಕೊಂಡೇ ಆಸ್ಪತ್ರೆಗೆ ನಡೆದಳು. ಕಟ್ಟಿ ಡಾಕ್ಟರ ಎದುರು ನಿಂತು ಎಲ್ಲವನ್ನೂ ಹೇಳಿದಳು. ಶಾವಿಗೆ ಯಂತ್ರ, ಬೆರಳು, ಮೊಟಕು ಗೆರೆ.

ಡಾಕ್ಟರು ದಾಕ್ಷಾಯಣಿಯ ಅಳತೆಗಳನ್ನು ತೆಗೆದರು. ಹಣೆಯ ಜಾಗವನ್ನು ಹಿಗ್ಗಿಸಿ ನೋಡಿದರು. "ಬೂದಿ ತೊಳಕೊಂಡ್ಲು ಖರೆ. ಆದ್ರ ವರ್ಷಾನುಗಟ್ಲೆ ಆ ಬೂದಿ ಬಿಸಿಲು ತಡದಿತ್ತು. ಅದರ ಕೆಳಗಿನ ಚರ್ಮ ಒಂದು ಕೂದಲೆಳಿಯಷ್ಟು ತಿಳಿ ಇತ್ತು. ನಮ್ಮ ಕಣ್ಣಿಗೆ ಕಾಣಲಿಲ್ಲ, ಯಂತ್ರಕ್ಕ ಕಂಡದ. ಚೊಕ್ಕ ಹಣಿ ಅಂದ್ರ ಹಿಂಗ ಇರ್ತದ ಅಂತ ಕಲತದ. ಮಾಯ್ದ ಮುಖಗಳನ್ನ ನಾವ ಮತ್ತ ತಾಯಿಪೊರಿಗೆ ತೋರಸ್ತಿದ್ವಿ, ಅದು ಇನ್ನಷ್ಟು ಕಲೀಲಿ ಅಂತ. ಒಬ್ಬರಿಂದ ಒಬ್ಬರಿಗೆ ಗೆರಿ ಗಟ್ಟಿ ಆಗಕೋತ ಬಂತು."

"ಈ ತಂಗಿ ಮಚ್ಚಿ ತಿರುಗಿ ಬರತೈತೇನ್ರಿ?"

"ಮಾದರಿ ಅಳಿಸಿ, ಇವರದ ಹಳೇ ಫೋಟೋ ಇಟ್ಟು ಹೊಸ ಪೊರಿ ಮಾಡಿದ್ರ ಬರಬಹುದು. ತಡಾ ಆದ್ರ ಚರ್ಮ ಗಟ್ಟಿಯಾಗಿ ಬರೂದಿಲ್ಲ." ಡಾಕ್ಟರ ಕೈ ಅಳಿಸುವ ಗುಂಡಿಯ ಕಡೆ ಹೋಗಿ ನಿಂತಿತು. "ಒತ್ತಲೇನು, ಸಂಗವ್ವಾರ?"

"ಗುಂಡಿ ಒತ್ತಿ ಕಳಸೂ ಜೀವ ಅಲ್ರಿ ಅದು," ಎಂದಳು ಸಂಗವ್ವ. "ಮಣ್ಣಿಗಿ ಕೊಡೂಣು. ಅಜ್ಜಾರನ್ನ ಕರಸ್ರಿ."

ಅಜ್ಜನವರು ಬಂದರು. ಬಂದು ಪೀಠದ ಮೇಲಿನ ಗಾಜಿನ ಮುಖವನ್ನು ನೋಡಿದರು. "ಈಗ ಕೈಯಾಗ ಏನೋ ಐತಿ," ಎಂದು ಮಾತ್ರ ಅಂದರು.

ಡಾಕ್ಟರು ಬೂಟು ಬಿಚ್ಚಿ ಹೊರಗಿಟ್ಟು ಬಂದರು. ಕೋಣೆಯ ದೀಪ ಆರಿಸಿ ತಾಯಿಪೊರೆಗೆ ಬೆಳಕು ಕೊಟ್ಟರು. ಎಡದಿಂದ ಬಲಕ್ಕೆ, ಒಂದೊಂದೇ ಚುಕ್ಕೆ ಹೊತ್ತಿಕೊಳ್ಳುತ್ತ, ಒಂದು ಮುಖ ಮೂಡಿ ಬಂತು. ಕೆನ್ನೆ ಬಂತು, ಮೂಗಿನ ಪಕ್ಕದ ನೆರಳು ಬಂತು, ಕಿವಿಯ ಹತ್ತಿರದ ಸಣ್ಣ ಕೂದಲಿನ ಜಾಗ ಬಂತು. ಕಣ್ಣಿದ್ದಲ್ಲಿ ಎರಡು ಕತ್ತಲೆಯ ಗುಣಿಗಳು. ಕೊನೆಗೆ ಹಣೆಯ ಮೇಲೆ ಗೆರೆಗಳು ಬಂದವು. ಮೂರನೆಯದು ಎಡಹುಬ್ಬನ್ನು ಬಿಟ್ಟು ತಡವಾಗಿ ಶುರುವಾಯಿತು. ಜುಬೇದಾ ಓಢಣಿಯ ಚುಂಗಿನಿಂದ ಬಾಯಿ ಮುಚ್ಚಿಕೊಂಡಳು. ಗಾಜಿನ ಮುಖದ ಎದುರು ನಿಂತ ಅವಳ ಹಣೆಯ ಮೇಲೂ ಅದೇ ಗೆರೆ.

ಸಂಗವ್ವ ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದಳು. ಮೂರು ಬೆರಳು ಅದ್ದಿದಳು. ಮಗಳ ಗೆರೆಗಳ ಮೇಲೆಯೇ ಎಡದಿಂದ ಬಲಕ್ಕೆ ಎಳೆದಳು. ಆಮೇಲೆ, ಶಾಲೆಯ ಚೀಲ ಹಾಕಿಕೊಂಡು ಓಡುತ್ತಿದ್ದ ಕೂಸನ್ನು ನಿಲ್ಲಿಸುತ್ತಿದ್ದ ಹಾಗೆಯೇ, ಎಡಗೈಯಿಂದ ಆ ಗದ್ದವನ್ನು ಹಿಡಿದು, ಮೊಟಕಾಗಿದ್ದುದನ್ನು ಬೆರಳತುದಿಯಿಂದ ಎಡಹುಬ್ಬಿನ ತನಕ ಪೂರ್ತಿ ಮಾಡಿದಳು.

"ನಿಲ್ಲಲೇ," ಎಂದಳು ಮೆಲ್ಲಗೆ. "ಈಗ ಹೋಗು."

ಡಾಕ್ಟರು ಬೆಳಕು ತೆಗೆದರು. ಮುಖ ಬಂದ ದಾರಿಯಲ್ಲೇ ತಿರುಗಿ ಹೋಯಿತು. ಗಾಜಿನ ಮೇಲೆ ಬೂದಿಯ ಮೂರು ಗೆರೆ ಮಾತ್ರ ಉಳಿದವು, ಮೂರೂ ಸಮನಾಗಿ.

ಊರ ರುದ್ರಭೂಮಿಯಲ್ಲಿ ಕುಳಿ ತೋಡಿ, ಒಳಗೆ ಗೂಡು ಮಾಡಿ, ಮುಖವನ್ನು ನೆಟ್ಟಗೆ ಕೂಡಿಸಿದರು. ಬಿಲ್ವಪತ್ರೆ ಹಾಕಿದರು. ಒಬ್ಬೊಬ್ಬರೂ ಹಿಡಿ ಮಣ್ಣು ಕೊಟ್ಟರು, ಡಾಕ್ಟರೂ ಕೊಟ್ಟರು. ಜುಬೇದಾ ತನ್ನ ಬಾಯಲ್ಲೇ ತನ್ನ ಪ್ರಾರ್ಥನೆ ಹೇಳಿಕೊಂಡು ಮಣ್ಣು ಕೊಟ್ಟಳು. ಅಜ್ಜನವರು ಅವಳಿಗೆ ಜಾಗ ಬಿಟ್ಟು ನಿಂತರು.

ಮರುದಿನ ಬೆಳಿಗ್ಗೆ ಸಂಗವ್ವ ಕೋಣೆಯಿಂದ ಕೋಣೆಗೆ ಹೋದಳು. ಪೊರೆಗಳಿರಲಿಲ್ಲ, ಬರಿಯ ಮುಖಗಳು. ಹೊತ್ತು ಬಂತು, ಹೊತ್ತು ಸರಿಯಿತು. ಯಾರ ಕೈಯೂ ಏಳಲಿಲ್ಲ. ಮಲಗಿದವರು ಮಲಗಿಯೇ ಇದ್ದರು. ಅವರ ಉಸಿರಾಟ ಕೇಳುತ್ತ, ಅವಳು ಹೊಸಿಲಲ್ಲಿ ನಿಂತಿದ್ದಳು. ದಂಡೆಯ ಮೇಲೆ ಕುಳಿತಾಗ ಬಾರದ ಅಳು ಆಗ ಬಂತು.

ಹೊಸ ಪೊರೆ ಹಾಕಿಕೊಂಡ ಮೇಲೆ ಜುಬೇದಾಳ ಹಣೆಯ ಗೆರೆಗಳು ದಿನದಿನಕ್ಕೆ ಮಾಸಿದವು. ಊರಿಗೆ ಹೊರಡುವ ಹೊತ್ತಿಗೆ ಬಲಹುಬ್ಬಿನ ಮೇಲೆ ಎಳ್ಳಿನ ಸಿಪ್ಪೆಯಷ್ಟು ತೆಳ್ಳಗೆ ಏನೋ ಕಾಣಿಸಿಕೊಂಡಿತ್ತು. ಮಚ್ಚೆಯೋ ಮಸಿಯೋ ಹೇಳಲಾಗದು. ಸಂಗವ್ವ ಟ್ರಂಕಿನ ತಳದಲ್ಲಿದ್ದ ದಾಕ್ಷಾಯಣಿಯ ಕನ್ನಡಿಯನ್ನು ಹಳೆಯ ಸೀರೆಯಿಂದ ಬಿಚ್ಚಿ ಅವಳಿಗೆ ಕೊಟ್ಟುಬಿಟ್ಟಳು. "ದಿನಾ ನೋಡಕೋ. ಅದು ಬೆಳೀಲಿ," ಎಂದಳು. ಬಾಗಿಲ ತನಕ ಹೋಗಿ, ಆ ಜಾಗವನ್ನು ಬೆರಳಿನಿಂದ ಮುಟ್ಟಿ, ಅವಳ ತಲೆ ಬಾಗಿಸಿ ಅಲ್ಲೊಂದು ಮುತ್ತು ಕೊಟ್ಟಳು.

ಒಳಗೆ ಬಂದು ದೇವರ ಮುಂದೆ ಕುಳಿತಳು. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ತುಟಿ ಅಲುಗುವಷ್ಟೇ ದನಿಯಲ್ಲಿ ಬೇಡಿಕೊಂಡಳು:

"ಶಿವನ, ನೀರಾಗ ಹೋದ ನನ್ನ ಕೂಸು ಈಗ ಮಣ್ಣಾಗ ನಿನ್ನ ಮುಂದ ಕುಂತೈತಿ. ಅಕಿ ಹಣಿ ನೋಡಪ್ಪ, ಗೆರಿ ಪೂರ್ತಿ ಆಗ್ಯಾವು, ನಾನ ಮಾಡೇನಿ. ಇನ್ನ ಯಾರ ಮುಖಾನೂ ಬೇಡದಂಗ, ಯಾರ ಕೈಯೂ ಎತ್ತದಂಗ ಅಕಿನ್ನ ನಿನ್ನೊಳಗ ಇಟಗೋ. ಜುಬೇದಾನ ತಾಯಿ ಅಲ್ಲೇ ಎಲ್ಲೆರ ಇದ್ರ, ಆ ಜೀವಾನೂ ತಣ್ಣಗಿಡು. ನಾ ಕರೆದ್ರೂ ನನ್ನ ದಾಕ್ಷಿ ಇತ್ತಾಗ ಹೊರಳದಿರಲಿ. ಅಕಿಗಿ ಶಾಂತಿ ಕೊಡು, ತಂದಿ. ಶಾಂತಿ ಕೊಡು."